ಕೇಳದ ಪ್ರಶ್ನೆ, ಹೇಳದ ದೋಷ

ಕುದುರೆಗೆ ಒಳಗೊಳಗೇ ಕಾಯಿಲೆ. ಮಾರುವವನಿಗೆ ಅದು ಚೆನ್ನಾಗಿ ಗೊತ್ತು. ಹರಾಜಿಗೆ ತಂದು ನಿಲ್ಲಿಸುತ್ತಾನೆ, ಕಾಯಿಲೆಯ ವಿಷಯ ಬಾಯಿ ಬಿಡುವುದಿಲ್ಲ. ಕೊಳ್ಳುವವನೂ ಕೇಳುವುದಿಲ್ಲ. ದುಡ್ಡು ಕೈ ಬದಲಾಗುತ್ತದೆ. ಇದು ಮೋಸವೇ? ಅಲ್ಲ ಎನ್ನುತ್ತದೆ ಕಾನೂನು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ ವಂಚನೆ ಎಂದರೇನು ಎಂದು ವಿವರಿಸುತ್ತದೆ. ಅದರ ಕೆಳಗೆ ಕೊಟ್ಟಿರುವ ಮೊದಲ ದೃಷ್ಟಾಂತವೇ ಈ ಕುದುರೆಯದು.

ಅದರ ಬೆನ್ನಿಗೇ ಅದೇ ಕುದುರೆಯ ಇನ್ನೆರಡು ದೃಷ್ಟಾಂತಗಳಿವೆ. ಕೊಳ್ಳುವವಳು ಮಾರುವವನ ಸ್ವಂತ ಮಗಳು, ಈಗಷ್ಟೇ ಪ್ರಾಯಕ್ಕೆ ಬಂದವಳು ಎಂದಾದರೆ ಕಾಯಿಲೆಯನ್ನು ತಾನಾಗಿಯೇ ಹೇಳುವುದು ತಂದೆಯ ಕರ್ತವ್ಯ. ಮೂರನೆಯದರಲ್ಲಿ ಕೊಳ್ಳುವವನು ಒಂದು ಮಾತು ಆಡಿರುತ್ತಾನೆ: ನೀನು ಇಲ್ಲ ಎನ್ನದಿದ್ದರೆ ಕುದುರೆ ಸರಿಯಿದೆ ಎಂದೇ ತಿಳಿಯುತ್ತೇನೆ ಎಂದು. ಮಾರುವವನು ಸುಮ್ಮನಿರುತ್ತಾನೆ. ಇಲ್ಲಿ ಆ ಮೌನವೇ ಮಾತಿಗೆ ಸಮ, ಹಾಗಾಗಿ ಅದು ವಂಚನೆ. ಕುದುರೆ ಅದೇ, ಕಾಯಿಲೆ ಅದೇ, ಮೌನವೂ ಅದೇ. ಕೊಳ್ಳುವವನು ಬಾಯಿ ಬಿಟ್ಟನೇ ಇಲ್ಲವೇ ಎಂಬುದೊಂದೇ ವ್ಯತ್ಯಾಸ.

ಪರಿಚಯವಿಲ್ಲದ ಒಬ್ಬರಿಂದ ಹಳೆಯ ಸ್ಕೂಟರ್, ಕಾರು, ಮೊಬೈಲ್, ಫ್ರಿಜ್, ಪಂಪ್‌ಸೆಟ್ ಕೊಳ್ಳುವ ಪ್ರತಿಯೊಬ್ಬರಿಗೂ ಇಂದಿಗೂ ಅನ್ವಯಿಸುವುದು ಈ ಕುದುರೆಯ ನಿಯಮವೇ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಇದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ: ವಸ್ತುವಿನ ಗುಣಮಟ್ಟದ ಬಗ್ಗೆ ಸಾಮಾನ್ಯವಾಗಿ ಯಾವ ಭರವಸೆಯೂ ತಾನಾಗಿ ಹುಟ್ಟುವುದಿಲ್ಲ. ಅಂಥ ಸರಕಿನ ವ್ಯಾಪಾರವನ್ನೇ ಮಾಡುವವನಿಗೆ ಇದರಲ್ಲಿ ವಿನಾಯಿತಿ ಕಡಿಮೆ. ಆದರೆ ಮನೆಯ ಗಾಡಿ ಮಾರುವ ಮೇಷ್ಟ್ರಿಗೆ, ಹಳೇ ಫೋನ್ ಮಾರುವ ವಿದ್ಯಾರ್ಥಿಗೆ ಗುಣಮಟ್ಟದ ಹೊಣೆ ತಾನೇ ತಾನಾಗಿ ಅಂಟಿಕೊಳ್ಳದು. ಆ ಹೊಣೆಯನ್ನು ಹೊರಿಸಬೇಕಾದವರು ಕೊಳ್ಳುವವರು. ಹೊರಿಸುವ ದಾರಿ ಪ್ರಶ್ನೆ ಕೇಳುವುದು, ಅದೂ ಬರವಣಿಗೆಯಲ್ಲಿ.

ತುಮಕೂರಿನಲ್ಲಿ ಓದುವ ಒಬ್ಬ ಹುಡುಗಿ 45,000 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳಲು ಹೋಗಿದ್ದಾಳೆ ಎಂದುಕೊಳ್ಳೋಣ. ಮಾತುಕತೆ ಹೀಗೆ ನಡೆಯುತ್ತದೆ.

"ಅಣ್ಣ, ಗಾಡಿ ಎಲ್ಲಾದ್ರೂ ಬಿದ್ದಿದ್ಯಾ?"

"ಅಯ್ಯೋ ಇಲ್ಲಮ್ಮ, ನಮ್ಮನೆಯವ್ರು ಮಕ್ಕಳನ್ನ ಸ್ಕೂಲಿಗೆ ಬಿಡೋಕೆ ತಗೊಂಡು ಹೋಗ್ತಿದ್ರು, ಅಷ್ಟೇ."

"ಮೀಟರ್ ಒರಿಜಿನಲ್ಲಾ?"

"ಹದಿನೆಂಟು ಸಾವಿರ, ನೀನೇ ನೋಡ್ಕೋ. ಬೆಣ್ಣೆ ಥರ ಓಡುತ್ತೆ. ಇನ್ನು ಹತ್ತು ವರ್ಷ ಕಣ್ಣು ಮುಚ್ಕೊಂಡು ಓಡಿಸ್ಬೋದು."

ಮೂರು ವಾರದ ನಂತರ ಮೆಕ್ಯಾನಿಕ್ ಗಾಡಿಯ ಮುಂದಿನ ಕವಚ ಬಿಚ್ಚಿದಾಗ ಚಾಸಿಗೆ ವೆಲ್ಡಿಂಗ್ ಆಗಿರುವುದು ಕಾಣುತ್ತದೆ. ಗಾಡಿ ನಂಬರ್ ಹಿಡಿದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದರೆ ಕೊನೆಯ ಸರ್ವಿಸ್ ಆದಾಗಲೇ 41,000 ಕಿಲೋಮೀಟರ್ ಓಡಿತ್ತು.

ಈಗ ಮಾರಿದವನ ಮಾತುಗಳನ್ನು ಒಂದೊಂದಾಗಿ ತೂಗಿ ನೋಡಬೇಕು. "ಬೆಣ್ಣೆ ಥರ ಓಡುತ್ತೆ" ಎಂಬುದು ಹೊಗಳಿಕೆ. "ಹತ್ತು ವರ್ಷ ಓಡಿಸಬಹುದು" ಎಂಬುದು ಅಭಿಪ್ರಾಯ. ಇವನ್ನು ಹಿಡಿದು ಯಾವ ಕೋರ್ಟಿಗೆ ಹೋದರೂ ಪ್ರಯೋಜನವಿಲ್ಲ. ಜಾಹೀರಾತುಗಳಲ್ಲಿ ಕಾಣುವ "ಶೋರೂಂ ಕಂಡೀಷನ್", "ಡಾಕ್ಟರ್ ಓಡಿಸಿದ ಗಾಡಿ" ಎಂಬಂಥ ಮಾತುಗಳಲ್ಲಿ ಮೊದಲನೆಯದು ಬರೀ ಹೊಗಳಿಕೆ, ಎರಡನೆಯದು ಪರೀಕ್ಷಿಸಬಹುದಾದ ಸಂಗತಿ. "ಬಿದ್ದಿಲ್ಲ" ಎಂಬುದು ಅಪ್ಪಟ ಸಂಗತಿ. ಬಿದ್ದಿದೆ ಎಂದು ಗೊತ್ತಿದ್ದೂ ಹಾಗೆ ಹೇಳಿದ್ದರೆ 17ನೇ ಸೆಕ್ಷನ್ ಪ್ರಕಾರ ವಂಚನೆ. ಮೀಟರ್ ವಿಷಯದಲ್ಲಿ ಆತ ಜಾಣತನ ತೋರಿಸಿದ್ದಾನೆ, ಒರಿಜಿನಲ್ ಎಂದು ಹೇಳಲೇ ಇಲ್ಲ, ಬರೀ ಬೆರಳು ತೋರಿಸಿದ. ಆದರೆ ಮೀಟರನ್ನು ತಾನೇ ತಿರುಗಿಸಿದ್ದರೆ, ಬದಲಿಸಿದ್ದನ್ನು ಮುಚ್ಚಿಡಲೆಂದೇ ಹಾಗೆ ಬೆರಳು ತೋರಿಸಿದ್ದರೆ, ಆ ಬೆರಳೂ ಸುಳ್ಳು ಹೇಳಿದ ಹಾಗೆಯೇ. ಸತ್ಯವನ್ನು ಮುಚ್ಚಿಡಲು ಕೈಯಾರೆ ಮಾಡಿದ ಕೆಲಸವನ್ನು ಅದೇ ಸೆಕ್ಷನ್ ಪ್ರತ್ಯೇಕವಾಗಿ ವಂಚನೆ ಎಂದು ಕರೆಯುತ್ತದೆ.

ಮಾರಿದವನಿಗೂ ಗೊತ್ತಿರಲಿಲ್ಲ ಎಂದಾದರೆ? ಆತನೂ ಇದನ್ನು ಸೆಕೆಂಡ್ ಹ್ಯಾಂಡಿನಲ್ಲೇ ಕೊಂಡಿದ್ದ, ಬಿದ್ದಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದ ಎನ್ನಿ. ಅದು 18ನೇ ಸೆಕ್ಷನ್ನಿನ ತಪ್ಪು ನಿರೂಪಣೆ. ಖಾತ್ರಿ ಮಾಡಿಕೊಳ್ಳದೆ ಖಚಿತವಾಗಿ ಹೇಳುವುದೂ ಅದರಡಿ ಬರುತ್ತದೆ. ವಂಚನೆ, ತಪ್ಪು ನಿರೂಪಣೆ ಎರಡರಲ್ಲೂ ಕೊಂಡವಳು ಕರಾರನ್ನು ರದ್ದು ಮಾಡಬಹುದು, ಆದರೆ 19ನೇ ಸೆಕ್ಷನ್ ಒಂದು ಬಾಗಿಲು ಮುಚ್ಚುತ್ತದೆ. ಪ್ರಾಮಾಣಿಕ ತಪ್ಪು ನಿರೂಪಣೆ ಇಲ್ಲವೇ ವಂಚನೆಯ ಮೌನದ ಪ್ರಕರಣದಲ್ಲಿ, ಸಾಮಾನ್ಯ ಎಚ್ಚರ ವಹಿಸಿದ್ದರೆ ಸತ್ಯ ತಿಳಿಯುವಂತಿತ್ತು ಎಂದಾದರೆ ರದ್ದು ಮಾಡುವ ಹಕ್ಕು ಇಲ್ಲ. ಉದಾಹರಣೆಗೆ, 2018ರ ಮಾಡೆಲ್ ಎಂದು ಆತ ಹೇಳಿದ, ಕೈಯಲ್ಲಿದ್ದ ಆರ್‌ಸಿಯಲ್ಲಿ 2016 ಎಂದಿತ್ತು, ಈಕೆ ಓದಲಿಲ್ಲ. ಆತ ನಂಬಿ ಹೇಳಿದ್ದರೆ ಈಕೆಗೆ ಕಷ್ಟ. ಗೊತ್ತಿದ್ದೂ ಹೇಳಿದ ಹಸಿ ಸುಳ್ಳಿಗೆ ಮಾತ್ರ ಈ ರಕ್ಷಣೆ ಇಲ್ಲ. ಸುಳ್ಳು ಹೇಳಿದವನು ಆಮೇಲೆ "ನೀವೇ ನೋಡಿಕೊಳ್ಳಬೇಕಿತ್ತು" ಎಂದು ಪಾರಾಗುವಂತಿಲ್ಲ. ಇದು ನನಗೆ ಈ ಕಾಯ್ದೆಯ ಅತ್ಯಂತ ನ್ಯಾಯವಾದ ಸಾಲು ಎನಿಸುತ್ತದೆ.

ಇನ್ನೊಂದು ತೊಡಕಿದೆ. ಸುಳ್ಳು ಸುಳ್ಳೇ ಆಗಿದ್ದರೂ ಒಪ್ಪಿಗೆಗೆ ಅದು ಕಾರಣವಾಗಿರಬೇಕು. 1862ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಒಂದು ಫಿರಂಗಿಯ ವ್ಯಾಜ್ಯ ಬಂತು. ಫಿರಂಗಿಯ ಲೋಹದಲ್ಲಿ ದೋಷವಿತ್ತು, ಅಲ್ಲಿಗೆ ಲೋಹದ ತುಂಡು ಜಡಿದು ಮುಚ್ಚಲಾಗಿತ್ತು. ಹೊಡೆಯುವಾಗ ಫಿರಂಗಿ ಸಿಡಿದು ಚೂರಾಯಿತು. ಆದರೆ ಕೊಂಡವನು ಅದನ್ನು ಪರೀಕ್ಷಿಸಿಯೇ ಇರಲಿಲ್ಲ. ನೋಡದವನಿಗೆ ಮುಚ್ಚಿಟ್ಟದ್ದರಿಂದ ಏನು ಮೋಸವಾಯಿತು ಎಂದು ಕೋರ್ಟು ಕೇಳಿತು, ಆತ ಸೋತ. ಆ ತೀರ್ಪನ್ನು ಇಂಗ್ಲೆಂಡಿನಲ್ಲೇ ಮುಂದೆ ಟೀಕಿಸಿದವರಿದ್ದಾರೆ. ಆದರೂ ನಮ್ಮ 19ನೇ ಸೆಕ್ಷನ್ನಿನ ವಿವರಣೆಯಲ್ಲಿ ಇರುವುದು ಅದೇ ತತ್ವ. ಹಾಗಾಗಿ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ ನೋಡುವುದು ಗಾಡಿಗೆ ಮಾತ್ರ ಒಳ್ಳೆಯದಲ್ಲ, ಮುಂದೊಂದು ದಿನ ಕೇಸಿಗೂ ಒಳ್ಳೆಯದು.

ಈ ಕಾನೂನು ಹುಟ್ಟಿದ ಕಾಲದಲ್ಲಿ ಕೊಳ್ಳುವವನ ಕಣ್ಣಿಗೆ ಬೆಲೆಯಿತ್ತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ರೈತರು ವ್ಯಾಪಾರ ಮಾಡುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಗೊರಸು ಎತ್ತಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಅಲ್ಲಿ ಕೊಳ್ಳುವವನಿಗೂ ಮಾರುವವನಷ್ಟೇ ತಿಳಿದಿರುತ್ತದೆ. ನೀರಿನಲ್ಲಿ ಮುಳುಗಿ ಎದ್ದ ಕಾರಿನ ಮುಂದೆ ನಿಂತ ಇಂದಿನ ಗ್ರಾಹಕನಿಗೆ ಆ ಬಲವಿಲ್ಲ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಅಕ್ಕಪಕ್ಕದ ಬಡಾವಣೆಗಳಲ್ಲಿ ದುಬಾರಿ ಕಾರುಗಳು ನಿಂತಲ್ಲೇ ಮುಳುಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದರು. ಅಂಥ ಕಾರನ್ನು ತೊಳೆದು, ಒಣಗಿಸಿ, ಸೀಟ್ ಕವರ್ ಬದಲಿಸಿ, ಸುಗಂಧ ಸಿಂಪಡಿಸಿ ನಿಲ್ಲಿಸಿದರೆ ಹೊರಗಿನಿಂದ ಏನೂ ತಿಳಿಯದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಒಳಗಿನ ಪಟ್ಟಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಕಾಲಡಿಯ ಕಾರ್ಪೆಟ್ ಎತ್ತಿ ಮೂಸಿ ನೋಡಿ. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಇಂಥ ಕಾರು ಮಾರುವವನು ಬಾಯಿ ಮುಚ್ಚಿಕೊಂಡಿದ್ದರೆ ಅದು ಮೋಸವಲ್ಲ ಎನ್ನುವುದು ಇವತ್ತಿಗೆ ಒಪ್ಪುವ ಮಾತಲ್ಲ ಎಂದು ನನ್ನ ದೃಢ ಅಭಿಪ್ರಾಯ. ವಾಹನ ವರ್ಗಾವಣೆಗೆ ಫಾರಂ 29, ಫಾರಂ 30 ಎಂದು ಹೇಗೂ ತುಂಬಿಸುತ್ತೇವೆ. ದೊಡ್ಡ ಅಪಘಾತವಾಗಿತ್ತೇ, ನೀರಿನಲ್ಲಿ ಮುಳುಗಿತ್ತೇ, ವಿಮಾ ಕಂಪನಿ ಟೋಟಲ್ ಲಾಸ್ ಎಂದು ಹಣ ಕೊಟ್ಟಿತ್ತೇ, ಮೀಟರ್ ಬದಲಾಗಿತ್ತೇ ಎಂಬ ನಾಲ್ಕು ಸಾಲು ಅದಕ್ಕೆ ಸೇರಿಸಿ ಮಾರುವವರ ಸಹಿ ಹಾಕಿಸಿದರೆ ಸಾಕು, ಮೌನದ ಆಸರೆ ಮುಗಿಯುತ್ತದೆ. ಇದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ, ನಿಯಮಾವಳಿಗೆ ತಿದ್ದುಪಡಿ ತಂದರೆ ಆಯಿತು.

ಅಲ್ಲಿಯವರೆಗೆ ಕುದುರೆಯ ಮೂರನೇ ದೃಷ್ಟಾಂತವೇ ನಮ್ಮ ಫಾರಂ. ಅಡ್ವಾನ್ಸ್ ಕಳಿಸುವ ಮುನ್ನ ವಾಟ್ಸ್ಆ್ಯಪ್‌ನಲ್ಲಿ ಹೀಗೊಂದು ಮೆಸೇಜ್ ಹಾಕಿ: "ಅಣ್ಣ, ಗಾಡಿ ಆಕ್ಸಿಡೆಂಟ್ ಆಗಿಲ್ಲ, ನೀರಿಗೆ ಮುಳುಗಿಲ್ಲ, ಮೀಟರ್ ಒರಿಜಿನಲ್, ಲೋನ್ ಬಾಕಿ ಇಲ್ಲ ಎಂದು ನೀವು ಹೇಳಿದ್ದನ್ನು ನಂಬಿ ಹಣ ಕಳಿಸುತ್ತಿದ್ದೇನೆ. ಇದರಲ್ಲಿ ಯಾವುದಾದರೂ ತಪ್ಪಿದ್ದರೆ ಈಗಲೇ ಹೇಳಿಬಿಡಿ." ಆತ "ಸರಿ" ಎಂದರೆ ಅದು ಮಾತು. ನೀಲಿ ಟಿಕ್ ಬಂದು ಸುಮ್ಮನಾದರೂ ಹಣ ತೆಗೆದುಕೊಂಡರೆ, ಆ ಮೌನವೂ ಮಾತು ಎಂದು ವಾದಿಸಲು ಗಟ್ಟಿ ನೆಲೆ ಸಿಕ್ಕಿತು. ನಿಜವಾದ ಮಾರಾಟಗಾರನಿಗೆ ಈ ಮೆಸೇಜಿನಿಂದ ಬೇಸರವಾಗಬೇಕಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ.

ಆ ಚಾಟನ್ನು ಅಳಿಸಬೇಡಿ, ಡಿಸ್‌ಅಪಿಯರಿಂಗ್ ಮೆಸೇಜ್ ಆನ್ ಆಗಿದ್ದರೆ ಆಫ್ ಮಾಡಿ, ಮೂಲ ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫೋನನ್ನೂ ಇಟ್ಟುಕೊಳ್ಳಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಬರೀ ಪ್ರಿಂಟ್ ತೆಗೆದುಕೊಂಡು ಹೋದರೆ ಸಾಲದು.

ಮೋಸ ಗೊತ್ತಾದ ದಿನವೇ ಮುಖ್ಯ. ಬಹಳ ಜನ ಎಡವುವುದು ಇಲ್ಲಿ. ವೆಲ್ಡಿಂಗ್ ಕಂಡ ಮೇಲೂ ಎರಡು ತಿಂಗಳು ಅದೇ ಗಾಡಿ ಓಡಿಸಿ, ಹೊಸ ಟೈರ್ ಹಾಕಿಸಿ, ಆಮೇಲೆ ವಾಪಸ್ ತಗೋ ಎಂದರೆ ನೀವು ಅದನ್ನು ಒಪ್ಪಿಕೊಂಡಿರಿ ಎಂದೇ ಕೋರ್ಟು ತಿಳಿಯಬಹುದು. ಗಾಡಿ ನಿಲ್ಲಿಸಿ. ಫೋಟೊ ತೆಗೆಯಿರಿ. ಮೆಕ್ಯಾನಿಕ್ಕಿನಿಂದ ಸಹಿ ಇರುವ ವರದಿ ಬರೆಸಿಕೊಳ್ಳಿ. ಕರಾರು ರದ್ದು ಮಾಡುತ್ತಿದ್ದೇನೆ, ಗಾಡಿ ವಾಪಸ್ ಒಯ್ದು ಹಣ ಕೊಡಿ ಎಂದು ಮೆಸೇಜ್ ಹಾಕಿ, ಜೊತೆಗೆ ಸ್ಪೀಡ್ ಪೋಸ್ಟ್ ಮಾಡಿ. ರದ್ದು ಮಾಡಿದರೆ ಪಡೆದದ್ದನ್ನು ಹಿಂದಿರುಗಿಸಬೇಕು ಎನ್ನುತ್ತದೆ ಕರಾರು ಕಾಯ್ದೆಯ 64ನೇ ಸೆಕ್ಷನ್, ನಷ್ಟ ಪರಿಹಾರವನ್ನೂ ಕೇಳಬಹುದು ಎನ್ನುತ್ತದೆ 75ನೇ ಸೆಕ್ಷನ್. ಗಾಡಿ ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಕರಾರು ಉಳಿಸಿಕೊಂಡು, ಆತ ಹೇಳಿದ್ದು ನಿಜವಾಗಿದ್ದರೆ ಯಾವ ಸ್ಥಿತಿಯಲ್ಲಿರುತ್ತಿದ್ದಿರೋ ಆ ಸ್ಥಿತಿಗೆ ತರುವಂತೆ ಕೇಳುವ ದಾರಿಯೂ ಇದೆ.

ಪೊಲೀಸ್ ಠಾಣೆಗೆ ಹೋದರೆ ಮೊದಲು ಕೇಳಿಬರುವ ಮಾತು "ಇದು ಸಿವಿಲ್ ಮ್ಯಾಟರ್." ಎಷ್ಟೋ ಸಲ ಅದು ನಿಜವೂ ಹೌದು. ಹಿಂದಿನ ಐಪಿಸಿ 420ರ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318(4) ಬಂದಿದೆ, ಶಿಕ್ಷೆ ಏಳು ವರ್ಷದವರೆಗೆ. ಆದರೆ ಸೆಕ್ಷನ್ ಯಾವುದಾದರೂ ಸುಪ್ರೀಂ ಕೋರ್ಟು ಬಹಳ ವರ್ಷಗಳಿಂದ ಹೇಳುತ್ತ ಬಂದಿರುವುದು ಒಂದೇ: ವ್ಯವಹಾರ ಕುದುರಿದಾಗಲೇ ಮೋಸದ ಉದ್ದೇಶ ಇರಬೇಕು. ಕೊಟ್ಟ ಮಾತಿಗೆ ಆಮೇಲೆ ತಪ್ಪಿದ್ದು ವಂಚನೆಯ ಅಪರಾಧವಾಗದು. ಆದ್ದರಿಂದ ದೂರಿನಲ್ಲಿ "ಗಾಡಿ ಕೆಟ್ಟಿತು, ಹಣ ಕೊಡುತ್ತಿಲ್ಲ" ಎಂದು ಬರೆದರೆ ಅದು ಅಲ್ಲಿಗೇ ಮುಗಿಯಿತು. ಮಾರುವ ಮುಂಚೆಯೇ ಆತನ ಹೆಸರಿನಲ್ಲೇ ಆದ ರಿಪೇರಿ ಬಿಲ್, ಸರ್ವಿಸ್ ದಾಖಲೆಯಲ್ಲಿನ ಕಿಲೋಮೀಟರ್, ನಂತರ ಆತ ಕಳಿಸಿದ "ಬಿದ್ದಿಲ್ಲ" ಎಂಬ ಮೆಸೇಜು, ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಕೊಟ್ಟರೆ ಠಾಣೆಯವರಿಗೂ ತಳ್ಳಿಹಾಕುವುದು ಸುಲಭವಲ್ಲ.

ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ ಎನ್ನುವವರೂ ಇದ್ದಾರೆ. ಸ್ವಂತ ಬಳಕೆಯ ವಸ್ತುವನ್ನು ಒಮ್ಮೆ ಮಾರಿದ ವ್ಯಕ್ತಿ ವ್ಯಾಪಾರಿಯಲ್ಲ, ಹಾಗಾಗಿ ಆತನ ವಿರುದ್ಧದ ದೂರು ಅಲ್ಲಿ ನಿಲ್ಲುವುದು ಕಷ್ಟ. 2020ರ ಇ-ಕಾಮರ್ಸ್ ನಿಯಮಗಳೂ ಸ್ವಂತ ನೆಲೆಯಲ್ಲಿ ಅಪರೂಪಕ್ಕೆ ಮಾರುವವರನ್ನು ಸ್ಪಷ್ಟವಾಗಿ ಹೊರಗಿಟ್ಟಿವೆ. ಆದರೆ ತಿಂಗಳಿಗೆ ಐದಾರು ಕಾರು ಮಾರುತ್ತ, ಪ್ರತಿ ಸಲವೂ "ನಮ್ಮ ಮನೆ ಗಾಡಿ ಸಾರ್" ಎನ್ನುವ ಬ್ರೋಕರ್ ಬೇರೆ. ಆರ್‌ಸಿಯಲ್ಲಿರುವ ಹೆಸರೇ ಬೇರೆ, ಎದುರಿಗೆ ನಿಂತವನೇ ಬೇರೆ ಎಂದಾದರೆ ಅಲ್ಲೇ ಎಚ್ಚರವಾಗಬೇಕು. ಅಂಥವನು ಅದನ್ನೇ ಕಸುಬು ಮಾಡಿಕೊಂಡಿದ್ದಾನೆ ಎಂದು ತೋರಿಸಿಕೊಟ್ಟರೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆಯುತ್ತದೆ, ಐದು ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ. 2023ರ ಏಪ್ರಿಲ್ 1ರಿಂದ ಹಳೆ ವಾಹನಗಳ ಡೀಲರುಗಳಿಗೆ ಸಾರಿಗೆ ಇಲಾಖೆಯ ಅಧಿಕೃತ ಪ್ರಮಾಣಪತ್ರದ ವ್ಯವಸ್ಥೆಯೂ ಬಂದಿದೆ. ಅದನ್ನು ಕೇಳಿ ನೋಡಿ.

ಒಂದು ವಿಷಯದಲ್ಲಿ ಮಾತ್ರ ಕೇಳದವರಿಗೂ ಕಾನೂನು ರಕ್ಷಣೆ ಕೊಡುತ್ತದೆ. ಮಾರುವ ಹಕ್ಕು ತನಗಿದೆ ಎಂಬ ಭರವಸೆ ಪ್ರತಿ ಮಾರಾಟದಲ್ಲೂ ಅಡಗಿರುತ್ತದೆ, ಅದು ಸರಕು ಮಾರಾಟ ಕಾಯ್ದೆಯ 14ನೇ ಸೆಕ್ಷನ್. ಕೊಂಡ ಫೋನ್ ಕದ್ದ ಮಾಲು ಎಂದು ಗೊತ್ತಾಗಿ ಪೊಲೀಸರು ಒಯ್ದರೆ ಫೋನ್ ಮೂಲ ಮಾಲೀಕರದು. ನಿಮ್ಮ ಹಣ ಮಾರಿದವನಿಂದ ಬರಬೇಕು, ಆತ ಸಿಕ್ಕರೆ. ಸಿಗದಿದ್ದರೆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಬಿಲ್ಲಿಲ್ಲ, ಡಬ್ಬಿಯಿಲ್ಲ, ಬೆಲೆ ಅರ್ಧಕ್ಕರ್ಧ ಕಡಿಮೆ ಎಂದಾದರೆ ಕದ್ದದ್ದೆಂದು ನಂಬಲು ಕಾರಣವಿತ್ತು ಎಂದು ನಿಮ್ಮ ಮೇಲೇ ಕೇಸು ಬೀಳಬಹುದು. ಫೋನಿನಲ್ಲಿ *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿಯಲ್ಲಿ ಹಾಕಿದರೆ ಅದು ಬ್ಲಾಕ್ ಆಗಿದೆಯೇ ಎಂದು ಅಲ್ಲೇ ತಿಳಿಯುತ್ತದೆ. ಗಾಡಿಯಾದರೆ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಹೈಪಾಥಿಕೇಷನ್ ಇದೆಯೇ ನೋಡಿ. ಲೋನ್ ತೀರಿಸಿದ್ದೇನೆ ಎಂದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ.

ಮಾರುವವರ ಕಡೆಗೂ ನೋಡಬೇಕು, ಈಗೀಗ ಅವರೂ ಅಷ್ಟೇ ಮೋಸ ಹೋಗುತ್ತಿದ್ದಾರೆ. ಸೇನೆಯಲ್ಲಿದ್ದೇನೆ ಎಂದು ಸಮವಸ್ತ್ರದ ಫೋಟೊ ಕಳಿಸಿ, ಹಣ ಪಡೆಯಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುವವನು ಸೈನಿಕನಲ್ಲ. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಹಣ ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಕಲಿ ಯುಪಿಐ ಸ್ಕ್ರೀನ್‌ಶಾಟ್ ತೋರಿಸಿ ಕ್ಯಾಮೆರಾ ಒಯ್ದವನು ಅದನ್ನು ಏನೂ ಅರಿಯದ ಮೂರನೆಯವರಿಗೆ ಮಾರಿಬಿಟ್ಟರೆ, ಅಷ್ಟರೊಳಗೆ ನೀವು ಕರಾರು ರದ್ದು ಮಾಡಿರದಿದ್ದರೆ, ಸರಕು ಮಾರಾಟ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಆ ಮೂರನೆಯವರಿಗೇ ಹಕ್ಕು ಸೇರಬಹುದು. ಬ್ಯಾಂಕ್ ಖಾತೆಯಲ್ಲಿ ಹಣ ಕಾಣುವವರೆಗೆ ವಸ್ತು ಕೈ ದಾಟಬಾರದು.

ಗಾಡಿ ಮಾರಿದವರಿಗೆ ಇನ್ನೂ ದೊಡ್ಡ ಅಪಾಯವೊಂದಿದೆ. ಸಹಿ ಮಾಡಿದ ಖಾಲಿ ಫಾರಂಗಳನ್ನು ಬ್ರೋಕರ್ ಕೈಗೆ ಕೊಟ್ಟು ಮರೆಯುವುದು ನಮ್ಮಲ್ಲಿ ಮಾಮೂಲು. 2007ರಲ್ಲಿ ಮಾರಿದ ಕಾರೊಂದು ಕೈಯಿಂದ ಕೈಗೆ ದಾಟಿ 2009ರಲ್ಲಿ ಅಪಘಾತ ಮಾಡಿತು. ಆರ್‌ಸಿಯಲ್ಲಿ ಮೊದಲ ಮಾಲೀಕರ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಅವರದೇ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಛಾಪಾ ಕಾಗದದಲ್ಲಿ ದಿನಾಂಕ, ಗಂಟೆ ಬರೆದು ಡೆಲಿವರಿ ನೋಟ್ ಮಾಡಿಸಿಕೊಳ್ಳುವುದು ಒಳ್ಳೆಯದೇ, ಆದರೆ ಅದು ಹೆಸರು ವರ್ಗಾವಣೆಗೆ ಬದಲಿಯಾಗದು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ಮೂವತ್ತು ನಲವತ್ತು ಸಾವಿರದ ನಷ್ಟಕ್ಕೆ ವಕೀಲರ ಫೀಸು ಕೊಟ್ಟು ವರ್ಷಗಟ್ಟಲೆ ಸಿವಿಲ್ ದಾವೆ ನಡೆಸುವುದು ಯಾರಿಗೂ ಪೂರೈಸದು, ಮೋಸಗಾರರಿಗೆ ಧೈರ್ಯ ಬರುವುದೂ ಇದರಿಂದಲೇ. ಇಂಥ ನಷ್ಟಕ್ಕೆ ಒಳಗಾದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬೇಕು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ, 15100ಕ್ಕೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ. ದಾವೆ ಹೂಡುವ ಮುಂಚಿನ ಹಂತದಲ್ಲೇ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು, ಕೋರ್ಟ್ ಫೀ ಇಲ್ಲ. ಎದುರಿನವನು ರಾಜಿಗೆ ಒಪ್ಪಬೇಕು ಎಂಬುದು ನಿಜ. ಆದರೆ ಪ್ರಾಧಿಕಾರದ ನೋಟಿಸ್ ಮನೆ ಬಾಗಿಲಿಗೆ ಬಂದಾಗ, ತಾನು ಕಳಿಸಿದ ಮೆಸೇಜು ಮತ್ತು ತನ್ನದೇ ಸರ್ವಿಸ್ ಬಿಲ್ಲು ಅರ್ಜಿಯ ಜೊತೆ ಲಗತ್ತಾಗಿರುವುದು ಕಂಡಾಗ ಹಲವರು ಮಾತಿಗೆ ಬರುತ್ತಾರೆ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ.